ಗಿಡ್ಡ ಲಿಫ್ಟರನ ತಲೆ ಮೇಲೆ ಹೋದ ಚೆಂಡು

ದೇಶದ ಪರವಾಗಿ ವಾಲಿಬಾಲ್ ಆಡಿ ಬಂದವನು ಅಂದ ಕೂಡಲೇ ಎಳೆಯರು ಕೇಳುವ ಮೊದಲ ಪ್ರಶ್ನೆ ಒಂದೇ: "ಸರ್, ಫಾರಿನ್‌ನ್ಯಾಗ ಏನೇನ್ ನೋಡಿದ್ರಿ?" ಏನೂ ನೋಡಿಲ್ರಪ್ಪ. ವಿಮಾನ ನಿಲ್ದಾಣ ನೋಡಿದೆ, ಬಸ್ಸಿನ ಕಿಟಕಿ ನೋಡಿದೆ, ನನ್ನಂಥ ಇಬ್ಬರು ಉದ್ದಕ್ಕೆ ಮಲಗಬಹುದಾದ ಹೋಟೆಲ್ ಮಂಚ ನೋಡಿದೆ. ಉಳಿದ ಹೊತ್ತೆಲ್ಲ ಕಣ್ಣೆದುರಿಗೆ ಇದ್ದದ್ದು ಒಂದು ನೆಟ್ಟು, ಅದರಾಚೆಯಿಂದ ಎದ್ದು ಬರುವ ಕೈಗಳು. ಎಂಟು ದೇಶ ಸುತ್ತಿದವನು ಅಂತ ಸನ್ಮಾನದಲ್ಲಿ ಶಾಲು ಹೊದಿಸುತ್ತಾರೆ. ಎಂಟು ದೇಶದ ನೆಟ್ಟೂ ಒಂದೇ ಥರ ಇರುತ್ತದೆ.

ಈ ಆಟಕ್ಕೆ ಹೊಸದಾಗಿ ಬರುವವರು ಪದಕದ ಕಥೆ ಕೇಳಿಕೊಂಡು ಬರುತ್ತಾರೆ. ಹೊಟ್ಟೆಯಲ್ಲಿ ಏನಾಗುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಪಂದ್ಯದ ದಿನ ಬೆಳಿಗ್ಗೆ ಇಡ್ಲಿ ಗಂಟಲಲ್ಲಿ ಇಳಿಯದೆ ಕೂರುವುದು, ಬೆಂಚಿನ ಮೇಲಿರುವ ನಿಮ್ಮದೇ ತಂಡದ ಹುಡುಗ ಚೆನ್ನಾಗಿ ಬೆವರಿಳಿಸಿ ತಯಾರಾಗಿದ್ದಾನೆ ಅಂತ ಕಂಡಾಗ ಅವನಿಗೊಂದು ನೆಗಡಿಯಾದರೂ ಬರಬಾರದೇ ಅಂತ ಮನಸ್ಸು ಬಯಸುವುದು, ಇವೆಲ್ಲ ಸೇರಿಯೇ ಆಟ. ನಾನು ಕುಕ್ಕುವಾಡದವನು. ಓದುವುದಕ್ಕೆ ದಾವಣಗೆರೆಗೆ ಬಂದು ವಿದ್ಯಾನಗರದ ಹಾಸ್ಟೆಲ್ ಸೇರಿದೆ, ಓದಿಗಿಂತ ಹೆಚ್ಚು ಆಡಿದೆ, ಆಟದ ಕೋಟಾದಲ್ಲಿ ನೌಕರಿ ಹಿಡಿದೆ, ನಿವೃತ್ತನಾಗಿ ಈಗ ಸರಸ್ವತಿ ನಗರದಲ್ಲಿದ್ದೇನೆ. ನೌಕರಿಯಲ್ಲಿ ಯಾವಾಗ ಮೇಲೆ ಹತ್ತಿದೆ ಅನ್ನುವ ಮಾತು ಇಲ್ಲಿ ಬೇಡ. ಅದರಲ್ಲಿ ಸ್ವಾರಸ್ಯವೂ ಇಲ್ಲ.

ವಾಲಿಬಾಲಿನಲ್ಲಿ ಒಂದು ತಂಡ ಚೆಂಡನ್ನು ಮೂರು ಸಲ ಮುಟ್ಟಬಹುದು. ಮೊದಲನೆಯವನು ಬಂದ ಚೆಂಡನ್ನು ಎತ್ತುತ್ತಾನೆ, ಕೊನೆಯವನು ಹೊಡೆಯುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ನಡುವೆ ಒಬ್ಬ ಆ ಚೆಂಡನ್ನು ಹೊಡೆಯುವವನ ಕೈಗೆ ಹದವಾಗಿ ಎತ್ತಿಕೊಟ್ಟಿರುತ್ತಾನೆ. ಅವನೇ ಲಿಫ್ಟರ್. ನಾನು ಲಿಫ್ಟರ್. ಮದುವೆಮನೆಯ ಅಡುಗೆಯವನಿದ್ದ ಹಾಗೆ, ಉಪ್ಪು ಹೆಚ್ಚಾದಾಗ ಮಾತ್ರ ನೆನಪಾಗುವ ಮನುಷ್ಯ.

ನನ್ನನ್ನು ಲಿಫ್ಟರ್ ಮಾಡಿದವರು ದಾವಣಗೆರೆಯ ರುದ್ರಪ್ಪ ಮೇಷ್ಟ್ರು. ಹತ್ತಿ ಮಿಲ್ಲಿನ ಪಕ್ಕದ ಬಯಲಿನಲ್ಲಿ ಅವರು ಹುಡುಗರನ್ನು ಕಟ್ಟಿಕೊಂಡು ಆಡಿಸುತ್ತಿದ್ದರು. ನನಗೋ ಸ್ಮ್ಯಾಷ್ ಹೊಡೆಯುವ ಹುಚ್ಚು. ಎಗರಿ ಎಗರಿ ನೆಟ್ಟಿಗೇ ಹೊಡೆಯುತ್ತಿದ್ದೆ. ಮೇಷ್ಟ್ರು ಒಂದು ವಾರ ಸುಮ್ಮನೆ ನೋಡಿ ಕೊನೆಗೆ ಕಿವಿ ಹಿಡಿದರು.

"ಲೇ ನಿಂಗರಾಜ, ನೀನು ಹೊಡೆಯೋನಲ್ಲ, ಹೊಡೆಸೋನು. ಹೊಡೆಯೋನಿಗೆ ಎತ್ತರ ಬೇಕು, ಹೊಡೆಸೋನಿಗೆ ತಲಿ ಬೇಕು. ನಿನಗ ಎರಡನೇದು ಸ್ವಲ್ಪ ಐತೆ ಅಂತ ಅನುಮಾನ."

ಅಲ್ಲಿಂದ ಮುಂದೆ ನನ್ನ ಗುರು ಮಿಲ್ಲಿನ ಕಾಂಪೌಂಡ್ ಗೋಡೆ. ಸುಣ್ಣದಲ್ಲಿ ಒಂದು ವೃತ್ತ ಬರೆದುಕೊಟ್ಟಿದ್ದರು, ಚೆಂಡನ್ನು ಬೆರಳ ತುದಿಯಿಂದ ಅದಕ್ಕೇ ಎತ್ತಬೇಕು. ಬೆರಳಿನ ಸಿಪ್ಪೆ ಎದ್ದು ಹಾಸ್ಟೆಲಿನಲ್ಲಿ ಸಾರು ಅನ್ನ ಕಲಸುವಾಗ ಉರಿ ಹತ್ತುತ್ತಿತ್ತು. ಆದರೆ ಒಂದೆರಡು ವರ್ಷದಲ್ಲಿ ಕಣ್ಣು ಮುಚ್ಚಿಕೊಂಡು ಎತ್ತಿದರೂ ಚೆಂಡು ಹೋಗಬೇಕಾದಲ್ಲಿಗೆ ಹೋಗತೊಡಗಿತು. ಇವತ್ತಿಗೂ ನನಗೆ ಹೆಮ್ಮೆ ಅಂತ ಇದ್ದರೆ ಅದೊಂದೇ.

ಪರಮೇಶಿ ಸಿಕ್ಕಿದ್ದು ಹರಿಹರದಲ್ಲಿ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವನು, ಯಾರ ಮನೆಗೆ ಹೋದರೂ ಬಾಗಿಲಲ್ಲಿ ತಲೆ ಬಗ್ಗಿಸಬೇಕಾದ ಆಳು. ನಾವು ಕಾರ್ಖಾನೆ ಮೈದಾನಕ್ಕೆ ಆಡಲು ಹೋಗಿದ್ದಾಗ ಎದುರು ತಂಡದಲ್ಲಿದ್ದ. ನೆಟ್ಟಿನ ನಡುವೆ ನಿಂತು ಬ್ಲಾಕ್ ಹಾಕುವುದು ಅವನ ಕೆಲಸ, ಅಂದರೆ ಎದುರಾಳಿ ಹೊಡೆಯುವ ಚೆಂಡಿಗೆ ನೆಟ್ಟಿನ ಮೇಲೆ ಕೈ ಅಡ್ಡ ಇಡುವುದು. ಆ ದಿನ ನಮ್ಮವರು ಹೊಡೆದದ್ದರಲ್ಲಿ ಅರ್ಧ ಅವನ ಅಂಗೈಗೆ ಬಡಿದು ನಮ್ಮ ಕಾಲಿನ ಬುಡಕ್ಕೇ ಬಿತ್ತು. ಸೋತು ಕುಳಿತಿದ್ದರೆ ಒಂದು ಪೊಟ್ಟಣ ಮಂಡಕ್ಕಿ ಹಿಡಿದು ತಾನಾಗಿ ಬಂದ.

"ಲೇ ಗಿಡ್ಡ, ನಿನ್ನ ಕೈ ಚಲೋ ಐತೆ. ನಿಮ್ಮೋರಿಗೆ ಹೊಡೆಯಾಕ ಬರಲ್ಲ. ನನಗೊಂದು ನಾಕು ಬಾಲ್ ಎತ್ತು ನೋಡೋಣ."

ಎತ್ತಿದೆ. ಅವನು ಹೊಡೆದ. ಆ ಸದ್ದು ಕೇಳಿ ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಮರುವರ್ಷ ಇಬ್ಬರೂ ಒಂದೇ ತಂಡ. ನಮ್ಮ ಸೀಮೆಯಲ್ಲಿ ಎಲ್ಲಿ ಪಂದ್ಯ ನಡೆದರೂ ಗಿಡ್ಡ-ಉದ್ದ ಜೋಡಿ ಬಂತು ಅಂತ ಜನ ಸೇರುತ್ತಿದ್ದರು. ಅವನು ನನ್ನನ್ನು ಹೆಸರಿನಿಂದ ಕರೆದದ್ದು ನನ್ನ ಮದುವೆಯ ದಿನ ಒಂದೇ, ಅದೂ ನನ್ನ ಹೆಂಡತಿಯ ಎದುರಿಗೆ ಅನ್ನುವ ಕಾರಣಕ್ಕೆ.

ಸರದಿ ಸುತ್ತಿ ಲಿಫ್ಟರ್ ಕೂಡ ನೆಟ್ಟಿನ ಮುಂದೆ ಬಂದು ಬ್ಲಾಕ್ ಹಾಕಲೇಬೇಕು. ನಾನು ಎಷ್ಟೇ ಎಗರಿದರೂ ನೆಟ್ಟಿನ ಮೇಲೆ ಕಾಣುತ್ತಿದ್ದದ್ದು ಬೆರಳು ಮಾತ್ರ. ಎದುರಿನವರಿಗೆ ಅದು ತೆರೆದ ಬಾಗಿಲು. ಅದಕ್ಕೆ ನಮ್ಮಲ್ಲಿ ಒಂದು ರೂಢಿ ಬಿತ್ತು: ನಾನು ಎಗರಿದಾಗ ಪರಮೇಶಿ ಪಕ್ಕದಿಂದ ಸರಿದು ಬಂದು ನನ್ನ ತಲೆಯ ಮೇಲಿಂದ ತನ್ನ ಕೈ ಚಾಚುವುದು. ಚೆಂಡು ಅವನ ಬೆರಳಿಗೆ ತಾಗಿ ಹೊರಗೆ ಹೋದರೂ ಆಗ ದೊಡ್ಡ ನಷ್ಟವಿರಲಿಲ್ಲ. ಹಳೆಯ ನಿಯಮದಲ್ಲಿ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಪಾಯಿಂಟ್. ಸರ್ವಿಸ್ ನಮ್ಮದಿದ್ದಾಗ ಹಾಗಾದರೆ ಸರ್ವಿಸ್ ಅವರ ಕಡೆ ಹೋಗುತ್ತಿತ್ತು, ಅಷ್ಟೇ. ಸಿಕ್ಕರೆ ಬ್ಲಾಕ್, ಸಿಗದಿದ್ದರೆ ಮತ್ತೆ ನೋಡೋಣ. ಈ ರೂಢಿಯಿಂದ ನಾವು ಎಷ್ಟೋ ಕಪ್ ಗೆದ್ದೆವು.

ಇಬ್ಬರೂ ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆಯಾದೆವು. ಅಲ್ಲಿನ ಕೋಚ್ ಉತ್ತರದವರು, ಮಿಲಿಟರಿಯಲ್ಲಿ ಇದ್ದು ಬಂದವರು, ನನ್ನನ್ನು ಮೇಲಿಂದ ಕೆಳಗೆ ನೋಡಿ "ಛೋಟೂ" ಅಂತ ಹೆಸರಿಟ್ಟರು. ಕೆಟ್ಟ ಮನುಷ್ಯರಲ್ಲ. ಊಟದಲ್ಲಿ ತುಪ್ಪ ಕಡಿಮೆಯಾದರೆ ಆಟಗಾರರ ಪರವಾಗಿ ತಾವೇ ಜಗಳ ತೆಗೆಯುತ್ತಿದ್ದರು. ಆದರೆ ಎತ್ತರದ ಮೇಲೆ ಅವರಿಗೆ ದೇವರಿಗಿಂತ ಹೆಚ್ಚು ನಂಬಿಕೆ.

ನನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯದ ಸಾಹಸ ಕೇಳಿ. ನಡುಕದಲ್ಲಿ ರೆಫರಿ ಸೀಟಿ ಊದುವ ಮೊದಲೇ ಸರ್ವಿಸ್ ಮಾಡಿಬಿಟ್ಟೆ. ಆತ ಎತ್ತರದ ಕುರ್ಚಿಯಿಂದ ನನ್ನತ್ತ ಕೈ ಎತ್ತಿದ. ವಿದೇಶಿಯರು ನಮಸ್ಕಾರ ಮಾಡುವ ರೀತಿಯೇ ಹೀಗಿರಬೇಕು ಅಂದುಕೊಂಡು ನಾನೂ ಬಗ್ಗಿ ಕೈ ಮುಗಿದೆ. ಅಂಕಣದಲ್ಲಿದ್ದವರೆಲ್ಲ ನಕ್ಕರು. ಪರಮೇಶಿ ಮಾತ್ರ ನಗದೆ ಹತ್ತಿರ ಬಂದು, "ಅಂವ ತಡಿ ಅನ್ನಾಕತ್ಯಾನ, ಉಸಿರು ಬಿಡಲೇ ಮೊದಲು" ಅಂದ. ಉಸಿರು ಬಿಟ್ಟೆ. ಹೊರದೇಶದಲ್ಲಿ ಕನ್ನಡ ಕೇಳುವ ಒಂದು ಕಿವಿ ಪಕ್ಕದಲ್ಲಿದ್ದರೆ ಎಷ್ಟು ಧೈರ್ಯ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಕೆಲವು ವರ್ಷದ ಮೇಲೆ ನಿಯಮ ಬದಲಾಯಿತು. ಸರ್ವಿಸ್ ಯಾರದೇ ಇರಲಿ, ತಪ್ಪಿದರೆ ಎದುರಿನವರಿಗೆ ಪಾಯಿಂಟ್. "ಮತ್ತೆ ನೋಡೋಣ" ಅನ್ನುವ ಮಾತೇ ಆಟದಿಂದ ಹೋಯಿತು. ಬೆರಳಿಗೆ ತಾಗಿ ಹೊರಗೆ ಬಿದ್ದ ಪ್ರತಿ ಚೆಂಡೂ ಒಂದು ಪಾಯಿಂಟ್. ಜೊತೆಗೆ ಲಿಬೆರೋ ಅಂತ ಹೊಸ ಆಟಗಾರ ಬಂದ. ಬೇರೆ ಬಣ್ಣದ ಅಂಗಿ ಹಾಕಿ ಹಿಂದೆ ನಿಂತು ಚೆಂಡು ಎತ್ತುವುದಷ್ಟೇ ಅವನ ಕೆಲಸ. ನಮ್ಮ ಲಿಬೆರೋ ತಮಿಳುನಾಡಿನ ಸೆಲ್ವಂ. ಅವನೂ ನನ್ನಷ್ಟೇ ಗಿಡ್ಡ. ಗಿಡ್ಡರಿಬ್ಬರು ಕೂತರೆ ಎತ್ತರದವರಿಗೆ ಹೊಳೆಯದ್ದು ಹೊಳೆಯುತ್ತದೆ.

ಬ್ಯಾಂಕಾಕಿನ ಟೂರ್ನಿಗೆ ಹೊರಟಾಗ ತಂಡದಲ್ಲಿ ಇನ್ನೊಬ್ಬ ಲಿಫ್ಟರ್ ಇದ್ದ. ವಯಸ್ಸಿನಲ್ಲಿ ಕಿರಿಯ, ಎತ್ತರದಲ್ಲಿ ಪರಮೇಶಿಯ ಭುಜ ದಾಟಿದವನು. ಅವನ ಕೈ ಇನ್ನೂ ಹಸಿ, ನನ್ನ ಕೈ ಪಳಗಿದ್ದು. ಕೋಚ್ ನನ್ನನ್ನು ಪಕ್ಕಕ್ಕೆ ಕರೆದು ನೇರವಾಗಿ ಹೇಳಿದರು. ಮುಂದಿನ ಎರಡು ವರ್ಷಕ್ಕೆ ಒಬ್ಬ ಲಿಫ್ಟರನನ್ನು ಗಟ್ಟಿಮಾಡಬೇಕು. ಅಲ್ಲಿನ ಕೊನೆಯ ಪಂದ್ಯದಲ್ಲಿ ನೆಟ್ಟಿನ ಮುಂದೆ ನಿನ್ನ ಕಡೆಯಿಂದ ಪಾಯಿಂಟ್ ಸೋರದಿದ್ದರೆ ನೀನು, ಸೋರಿದರೆ ಅವನು. ನನ್ನ ವಯಸ್ಸಿಗೆ ಒಮ್ಮೆ ಹೊರಬಿದ್ದರೆ ಮತ್ತೆ ಒಳಗೆ ಬರುವ ಮಾತಿರಲಿಲ್ಲ.

ಸೆಲ್ವಂ ಮತ್ತು ನಾನು ಸೇರಿ ಒಂದು ಉಪಾಯ ಮಾಡಿದೆವು. ಎದುರಾಳಿ ಮಧ್ಯ ಏಷ್ಯಾದ ಒಂದು ತಂಡ, ಅವರ ಎಡಗಡೆಯ ಹೊಡೆತಗಾರ ಒಂಟೆಯಂಥ ಆಳು. ನಾನು ಮುಂದೆ ಬಂದಾಗ ಅವನು ನನ್ನ ತಲೆಯ ಮೇಲಿಂದಲೇ, ಪಕ್ಕದ ಗೆರೆಯ ಗುಂಟ ಹೊಡೆಯುತ್ತಾನೆ ಅನ್ನುವುದು ಖಚಿತ. ಹೊಡೆಯಲಿ. ಆ ಬಾಗಿಲು ನಾನೇ ತೆರೆದಿಟ್ಟಿರುತ್ತೇನೆ, ಅದರ ಹಿಂದೆ ಸೆಲ್ವಂ ಮೊದಲೇ ಹೋಗಿ ನಿಂತಿರುತ್ತಾನೆ. ಅವನು ಎತ್ತಿದ ಚೆಂಡು ನನಗೆ, ನನ್ನಿಂದ ಪರಮೇಶಿಗೆ. ಬೆಳಗಿನ ಅಭ್ಯಾಸದಲ್ಲಿ ನೋಡಿದೆವು, ಕೂತಿತು. ಪಂದ್ಯದ ಹಾಲ್‌ಗೆ ಹೋಗುವ ಬಸ್ಸಿನಲ್ಲಿ ಪರಮೇಶಿಗೆ ಹೇಳಿದೆ.

"ಗೆರೆ ಕಡೆ ನಂದು, ಸೆಲ್ವಂದು. ನೀನು ಒಳಗಡೆ ಅಷ್ಟು ಮುಚ್ಚು, ಸಾಕು."

"ಆತು ಬಿಡಲೇ," ಅಂದ.

ಪಂದ್ಯ ಐದನೇ ಸೆಟ್ಟಿಗೆ ಬಂತು. ಹಾಲ್ ಕುದಿಯುತ್ತಿತ್ತು, ಕಾಲಕೆಳಗಿನ ಮರದ ನೆಲ ಬೆವರಿಗೆ ಜಾರುತ್ತಿತ್ತು. ನಾನು ಮುಂದಿನ ಸಾಲಿಗೆ ಬಂದೆ. ಒಂಟೆ ಎಗರಿತು, ಹೊಡೆಯಿತು, ಚೆಂಡು ನನ್ನ ಬೆರಳ ಮೇಲಿಂದ ಗೆರೆಗುಂಟ ಹೋಯಿತು. ಸೆಲ್ವಂ ಅಲ್ಲೇ ಇದ್ದ. ಎತ್ತಿದ, ನಾನು ಕೊಟ್ಟೆ, ಪರಮೇಶಿ ಹೊಡೆದ, ಪಾಯಿಂಟ್. ಇನ್ನೊಮ್ಮೆಯೂ ಹಾಗೇ ಆಯಿತು. ನನ್ನ ಎದೆ ಸ್ವಲ್ಪ ಹಗುರಾಯಿತು. ಅದರ ಮುಂದಿನ ಚೆಂಡು ಸೆಲ್ವಂನ ಮುಂಗೈಗೆ ಒಂದಿಷ್ಟು ಓರೆಯಾಗಿ ಬಡಿದು ದೂರ ಹಾರಿತು. ಆಟದಲ್ಲಿ ಅದು ಇದ್ದದ್ದೇ. ಆದರೆ ಆ ಹೊಡೆತಗಾರ ನನ್ನ ಕಡೆ ನೋಡಿ, ಅಂಗೈಯನ್ನು ತನ್ನ ಸೊಂಟದ ಹತ್ತಿರ ಹಿಡಿದು, ಇಷ್ಟೇ ಎತ್ತರ ಅಂತ ತನ್ನವರಿಗೆ ತೋರಿಸಿ ನಕ್ಕ.

ನನಗೆ ಅದೇನೂ ಹೊಸದಲ್ಲ. ಪರಮೇಶಿಯ ಮುಖ ಕೆಂಪಾಯಿತು. "ನಮ್ಮ ಗಿಡ್ಡಗ ಅಂತಾನಾ ಅಂವ?" ಅಂದ.

ಮುಂದಿನ ಚೆಂಡಿಗೆ ನಾನು ಎಗರಿದಾಗ ತಲೆಯ ಮೇಲೆ ನೆರಳು ಬಂತು. ಹಳೆಯ ರೂಢಿಯ ಆ ಕೈ. ಚೆಂಡು ಸೀದಾ ಅವನ ಅಂಗೈಗೆ ಬಡಿದು ಆಚೆ ಬಿತ್ತು, ನಮಗೆ ಪಾಯಿಂಟ್. ಬೆಂಚಿನ ಮೇಲಿದ್ದವರೆಲ್ಲ ಎದ್ದು ಕೂಗಿದರು. ನನ್ನ ಜೀವ ಮಾತ್ರ ಝಲ್ಲೆಂದಿತು. ಆ ಒಂದು ಬ್ಲಾಕ್ ಸಿಗದಿದ್ದರೆ ಅವನು ಅಲ್ಲಿಗೇ ನಿಲ್ಲಿಸುತ್ತಿದ್ದನೇನೋ. ಸಿಕ್ಕಿತು, ಹಾಗಾಗಿ ನಿಲ್ಲಿಸಲಿಲ್ಲ.

ಆಮೇಲೆ ಬಂದ ಚೆಂಡು ಅವನ ಬೆರಳ ತುದಿಗೆ ಸವರಿ, ಕಾದು ನಿಂತಿದ್ದ ಸೆಲ್ವಂನ ತಲೆಯ ಮೇಲಿಂದ ಗ್ಯಾಲರಿಗೆ ಹೋಯಿತು. ಮತ್ತೊಂದು ಬಂತು, ಅದೂ ಹಾಗೇ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಸೆಲ್ವಂ ಎರಡೂ ಕೈ ಜೋಡಿಸಿಕೊಂಡು ಬಗ್ಗಿದ್ದವನು ಹಾಗೇ ನಿಂತು ನನ್ನ ಮುಖ ನೋಡಿದ. ಬೆಂಚಿನಿಂದ ನೋಡುವವರಿಗೆ ಆ ಬೆರಳು ಕಾಣುವುದಿಲ್ಲ. ಗಿಡ್ಡ ಲಿಫ್ಟರನ ಕಡೆಯಿಂದ ಪಾಯಿಂಟ್ ಹೋಗುತ್ತಿದೆ ಅನ್ನುವುದಷ್ಟೇ ಕಾಣುತ್ತದೆ.

ಟೈಮ್‌ಔಟ್ ಆಯಿತು. ಕೋಚ್ ಏನೋ ಕೂಗುತ್ತಿದ್ದರು. ನಾನು ಪರಮೇಶಿಯ ಅಂಗಿ ಹಿಡಿದು ಎಳೆದೆ.

"ನನ್ನ ಕಡೆ ಬರಬ್ಯಾಡ. ಕೈ ತರಬ್ಯಾಡ. ಬಿಡು, ಹಿಂದ ಸೆಲ್ವಂ ಅದಾನ."

"ಹೆಂಗೆ ಬಿಡ್ಲಿ? ನಿನ್ನ ತಲಿ ಮ್ಯಾಲೇ ಹೊಡಿಯಾಕತ್ಯಾನ."

"ಹೊಡೀಲಿ ಅಂತಾನೇ ಬಿಟ್ಟೀನಿ. ಬ್ಯಾಡ ಅಂದ್ರೆ ಬ್ಯಾಡಪ್ಪ."

ಅವನು ನನ್ನ ಬೆನ್ನ ಮೇಲೆ ಕೈ ಇಟ್ಟ. ನನಗೆ ಸಿಟ್ಟು ಬಂದಿದೆ, ಅವಮಾನವಾಗಿದೆ, ಅದಕ್ಕೇ ಸಹಾಯ ಬೇಡ ಅನ್ನುತ್ತಿದ್ದೇನೆ ಅಂತ ತಿಳಿದುಕೊಂಡಿದ್ದ. ಅವನ ಕಣ್ಣಿನಲ್ಲೇ ಅದು ಕಾಣುತ್ತಿತ್ತು.

"ಸುಮ್ನಿರಲೇ ಗಿಡ್ಡ. ನಾನದೀನಿ," ಅಂದ.

ಸೀಟಿ ಆಯಿತು. ಅಂಕಣಕ್ಕೆ ಇಳಿಯುವಾಗ ಪಕ್ಕದಲ್ಲಿ ಆ ಎತ್ತರದ ಹುಡುಗ ಜಾಕೆಟ್ ಬಿಚ್ಚುತ್ತಿರುವುದು ಕಂಡಿತು. ಇದೊಂದು ಚೆಂಡು ಸರಿಹೋದರೆ ಉಳಿಯುತ್ತೇನೆ ಅಂತ ಗೊತ್ತಾಯಿತು. ನಾನು ಬೇಕೆಂದೇ ಒಂದು ಹೆಜ್ಜೆ ಹೊರಗೆ ಸರಿದು ನಿಂತೆ, ಪರಮೇಶಿಗೆ ದೂರವಾಗಲಿ ಅಂತ. ಒಂಟೆ ಎಗರಿತು. ನಾನು ಎಗರಿದೆ. ಅಷ್ಟು ದೂರವನ್ನೂ ಒಂದೇ ನೆಗೆತದಲ್ಲಿ ದಾಟಿ ಆ ಕೈ ನನ್ನ ತಲೆಯ ಮೇಲೆ ಬಂತು. ಅಂಥ ನೆಗೆತವನ್ನು ನಾನು ನನ್ನ ಜನ್ಮದಲ್ಲಿ ಇನ್ನೊಂದು ನೋಡಿಲ್ಲ. ಚೆಂಡು ಅವನ ಕಿರುಬೆರಳಿಗೆ ತಾಗಿ ಹೊರಗೆ ಹೋಯಿತು.

ತಿರುಗಿದರೆ ಆ ಹುಡುಗ ನನ್ನ ಬದಲಿಗೆ ಇಳಿಯಲು ಗೆರೆಯ ಹತ್ತಿರ ನನ್ನ ನಂಬರಿನ ಫಲಕ ಹಿಡಿದು ನಿಂತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಬೆಂಚಿನ ಮೇಲೆ ಕೂತೆ. ಕೋಚ್ ನನ್ನ ಭುಜ ತಟ್ಟಿ, ಎತ್ತರವನ್ನು ಕಲಿಸಿಕೊಡುವುದಕ್ಕೆ ಆಗುವುದಿಲ್ಲ ಛೋಟೂ, ನಿನ್ನ ತಪ್ಪಲ್ಲ ಅಂದರು. ತಪ್ಪು ಯಾರದು ಅಂತ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅವನನ್ನೂ ಕರೆದು ಪಕ್ಕದಲ್ಲಿ ಕೂರಿಸುತ್ತಿದ್ದರು, ತಂಡ ಸೋಲುತ್ತಿತ್ತು. ಹಲ್ಲು ಕಚ್ಚಿದೆ. ಆ ಹೊತ್ತಿನಲ್ಲಿ ಪರಮೇಶಿಯ ಮೇಲೆ ನನಗಿದ್ದ ಸಿಟ್ಟು ಎಂಥದು ಅಂದರೆ, ಅವನ ಆ ಕೈ ಮುರಿದು ಬೀಳಬಾರದೇ ಅನ್ನಿಸಿತು.

ಹೊಸ ಲಿಫ್ಟರ್ ಎತ್ತರದವನು, ಅವನಿಗೆ ಆಸರೆ ಬೇಕಿಲ್ಲ. ಪರಮೇಶಿ ತನ್ನ ಜಾಗದಲ್ಲೇ ನಿಂತ. ಒಂಟೆಗೆ ಅದೇ ಗೆರೆ ಅಭ್ಯಾಸವಾಗಿತ್ತು, ಅಲ್ಲಿಗೇ ಹೊಡೆಯಿತು. ಚೆಂಡು ಹುಡುಗನ ಕೈಯ ಪಕ್ಕದಿಂದ ಸರಿದುಹೋಯಿತು, ಯಾರ ಬೆರಳೂ ಅಡ್ಡ ಬರಲಿಲ್ಲ. ಸೆಲ್ವಂ ಎತ್ತಿದ, ಹುಡುಗ ಕೊಟ್ಟ, ಪರಮೇಶಿ ಹೊಡೆದ. ಮತ್ತೂ ಅದೇ. ಗೆದ್ದೆವು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರೆ ಪರಮೇಶಿ ಗುಂಪು ಬಿಡಿಸಿಕೊಂಡು ಬೆಂಚಿಗೆ ಓಡಿಬಂದು ನನ್ನನ್ನು ಮಗುವಿನ ಹಾಗೆ ಎತ್ತಿಕೊಂಡ.

"ಆ ನನ್ಮಗನಿಗೆ ನಿನ್ನ ತಲಿ ಮುಟ್ಟಾಕ ಬಿಡಲಿಲ್ಲ ನೋಡು!"

ಅವನ ಹೆಗಲ ಮೇಲಿಂದ ಸೆಲ್ವಂ ಕಂಡ. ಅವನು ಕಣ್ಣು ಬೇರೆ ಕಡೆ ತಿರುಗಿಸಿದ.

ಮುಂದಿನ ಪ್ರವಾಸಕ್ಕೆ ನನ್ನ ಹೆಸರಿರಲಿಲ್ಲ, ಅದರ ಮುಂದಿನದಕ್ಕೂ ಇರಲಿಲ್ಲ. ಪರಮೇಶಿ ಇನ್ನೂ ಕೆಲವು ವರ್ಷ ಆಡಿದ. ಪ್ರತಿ ಸಲ ಹೊರಡುವ ಮುಂಚೆ ಫೋನ್ ಮಾಡಿ, "ನೀನಿಲ್ದೆ ನನಗ ಬಾಲ್ ಸರಿ ಬರಲ್ಲ ಕಣಲೇ" ಅನ್ನುತ್ತಿದ್ದ. ಕೋಚನ್ನು ಬೈಯುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ. ಮೊದಮೊದಲು ಫೋನ್ ಇಟ್ಟ ಮೇಲೆ ಹೊಟ್ಟೆ ಉರಿಯುತ್ತಿತ್ತು. ಆಮೇಲಾಮೇಲೆ ಉರಿ ಆರಿತು, ಅವನ ದನಿ ಕೇಳುವ ಖುಷಿ ಉಳಿಯಿತು. ಅವನ ಮಗಳ ಮದುವೆಯಲ್ಲಿ ಬಡಿಸಿದವನು ನಾನು, ನನ್ನ ಆಪರೇಷನ್ ಆದಾಗ ಆಸ್ಪತ್ರೆಯ ವರಾಂಡದಲ್ಲಿ ಕಾಲು ಮಡಚಿ ಮಲಗಿದವನು ಅವನು.

ಈಗ ಅವನು ಹರಿಹರದಲ್ಲಿ ಬೆಳಗಿನ ಹೊತ್ತು ಹುಡುಗಿಯರಿಗೆ ಆಟ ಕಲಿಸುತ್ತಾನೆ. ಭಾನುವಾರ ನಾನೂ ಬಸ್ ಹತ್ತಿ ಹೋಗುತ್ತೇನೆ, ಲಿಫ್ಟರುಗಳ ಬೆರಳು ತಿದ್ದುವುದಕ್ಕೆ. ಅಭ್ಯಾಸ ಮುಗಿದ ಮೇಲೆ ಹುಡುಗಿಯರು ಸುತ್ತ ಕೂತರೆ ಪರಮೇಶಿಯ ಮೆಚ್ಚಿನ ಕಥೆ ಬ್ಯಾಂಕಾಕಿನದು. "ಇವನ ತಲಿ ಮ್ಯಾಲೆ ಹೊಡಿತಿದ್ರು, ನಾನು ಹೋಗಿ ಹೋಗಿ ಕೈ ಕೊಟ್ಟೆ. ಜೋಡಿ ಅಂದ್ರೆ ಹಂಗಿರ್ಬೇಕು ನೋಡ್ರಿ" ಅನ್ನುತ್ತಾನೆ. ನಾನು ತಲೆಯಾಡಿಸುತ್ತೇನೆ. ಸುಳ್ಳೇನಲ್ಲ, ಅವನು ಕೈ ಕೊಟ್ಟದ್ದು ನಿಜ.

ಮೊನ್ನೆ ಮೊನ್ನೆ ಹುಡುಗಿಯರನ್ನು ಎರಡು ತಂಡ ಮಾಡಿ ಆಡಿಸುತ್ತಿದ್ದ. ಒಂದು ಕಡೆಯ ಲಿಫ್ಟರ್ ಕಾವ್ಯ, ನನ್ನ ಹಾಗೇ ನೆಲಕ್ಕಂಟಿದವಳು. ಅವಳ ಪಕ್ಕದಲ್ಲಿ ಉದ್ದನೆಯ ಸಹನಾ. ಎದುರಿನಿಂದ ಹೊಡೆತ ಬಂದಾಗಲೆಲ್ಲ ಸಹನಾ ಸರಿದು ಬಂದು ಕಾವ್ಯಳ ತಲೆಯ ಮೇಲೆ ಕೈ ಚಾಚುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಗೆಳತಿ ಅಷ್ಟೇ. ಚೆಂಡು ತಾಗಿ ತಾಗಿ ಹೊರಗೆ ಹೋಗುತ್ತಿತ್ತು.

ಪರಮೇಶಿ ಸೀಟಿ ಊದಿದ. "ಏಯ್ ಸಹನಾ! ಅವಳ ತಲಿ ಮ್ಯಾಲೆ ಕೈ ಯಾಕ ತರ್ತಿ? ಹಿಂದ ಹುಡುಗಿ ನಿಂತಾಳಲ್ಲ, ಬಿಡು ಬಾಲ್ ಹೋಗ್ಲಿ! ನಿನ್ನ ಬೆರಳಿಂದ ಅವಳಿಗೆ ಕೆಟ್ಟ ಹೆಸರು..."

ಮಾತು ಅಲ್ಲಿಗೇ ನಿಂತಿತು. ಸೀಟಿ ಇನ್ನೂ ಕೈಯಲ್ಲೇ ಇತ್ತು. ನಾನು ನೆಟ್ಟಿನ ಹಗ್ಗ ಬಿಗಿಯುವವನ ಹಾಗೆ ಆಚೆ ತಿರುಗಿದೆ. ಹುಡುಗಿಯರು ಮುಂದೇನು ಅಂತ ಕಾಯುತ್ತಿದ್ದರು. ಅವನು ನನ್ನ ಹತ್ತಿರ ನಡೆದು ಬಂದ, ಬಹಳ ನಿಧಾನವಾಗಿ.

"ಅವತ್ತು ನಾನು ಮಾಡಿದ್ದೂ ಇದೇ ಏನಲೇ?"

ನಾನು ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದೆ.

"ಯಾಕಲೇ ಹೇಳಲಿಲ್ಲ ನೀನು?"

"ಹೇಳಿದ್ದೆ," ಅಂದೆ.

ಎಷ್ಟೋ ವರ್ಷ ಒಳಗೆ ಇಟ್ಟುಕೊಂಡಿದ್ದ ಮಾತು. ಹೊರಗೆ ಬಂದರೆ ಹಗುರಾಗುತ್ತೇನೆ ಅಂದುಕೊಂಡಿದ್ದೆ, ಆಗಲಿಲ್ಲ. ಅವನು ಮೈದಾನದ ರೋಲರಿನ ಮೇಲೆ ಕೂತ. ಅಷ್ಟುದ್ದದ ಮನುಷ್ಯ ಕೂತಾಗ ನನ್ನ ಎತ್ತರಕ್ಕೆ ಬಂದ. ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ.

"ನಾನದೀನಿ ಅಂದಿದ್ದೆ ನಾನು," ಅಂದ.

"ಹೂಂ. ಅಂದಿದ್ದಿ."

ಆಮೇಲೆ ಎದ್ದು ಆಟ ಶುರು ಮಾಡಿಸಿದ. ಬಸ್ ಸ್ಟ್ಯಾಂಡಿಗೆ ಬಿಡಲು ಎಂದಿನಂತೆ ಬಂದ, ಎಂದಿನಂತೆ ಮಂಡಕ್ಕಿ ಕೊಡಿಸಿದ, ಬಸ್ ಹೊರಡುವವರೆಗೂ ಅಲ್ಲೇ ನಿಂತಿದ್ದ.

ಮುಂದಿನ ಭಾನುವಾರ ಅಭ್ಯಾಸ ಮುಗಿದ ಮೇಲೆ ಕಾವ್ಯ ಕೇಳಿದಳು, "ಸರ್, ಬ್ಯಾಂಕಾಕ್ ಕಥಿ ಹೇಳ್ರಿ." ಪರಮೇಶಿ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡು, "ಆ ಕಥಿ ಇವನದು. ಇವನ್ನ ಕೇಳ್ರಿ," ಅಂದ. ನಾನು ಬರೆದು ತರುತ್ತೇನೆ ಅಂದೆ. ನಾಳೆ ಇದನ್ನು ಕಾವ್ಯಳ ಕೈಗೆ ಕೊಡುತ್ತೇನೆ. ಜೋರಾಗಿ ಓದಬೇಡ ಅಂತ ಹೇಳಬೇಕು, ಅವನು ಅಲ್ಲೇ ಇರುತ್ತಾನೆ.